ಜೇನುತುಪ್ಪ ಮಾಗುವುದನ್ನು ನಾನು ನೋಡುವ ಬಗೆ

ಜೇನುಪೆಟ್ಟಿಗೆ ತೆರೆಯುವ ಮೊದಲು ಬಾಗಿಲ ಪಕ್ಕ ಸ್ವಲ್ಪ ಹೊತ್ತು ಕೂರುವುದು ನನ್ನ ಅಭ್ಯಾಸ. ಕಾಲಲ್ಲಿ ಪರಾಗದ ಉಂಡೆಯಿಲ್ಲದೆ, ಹೊಟ್ಟೆ ಉಬ್ಬಿಸಿಕೊಂಡು ಬಂದು ಹಲಗೆಯ ಮೇಲೆ ಧೊಪ್ಪನೆ ಇಳಿಯುವ ಜೇನುನೊಣಗಳು ಹೆಚ್ಚಿದ್ದರೆ ಮಕರಂದ ಚೆನ್ನಾಗಿ ಬರುತ್ತಿದೆ ಎಂದೇ ಲೆಕ್ಕ. ಹೊಸಬರು ಪರಾಗ ಹೊತ್ತವನ್ನು ನೋಡಿ ಹಿಗ್ಗುತ್ತಾರೆ. ಅದು ಮುಖ್ಯವಾಗಿ ಮರಿ ಸಾಕಲು ಬೇಕಾದ ಆಹಾರ, ತುಪ್ಪದ ಸುಳಿವಲ್ಲ.

ನೊಣ ಮಕರಂದ ತರುವುದು ಮಧುಚೀಲದಲ್ಲಿ. ಅದಕ್ಕೂ ಜೀರ್ಣವಾಗುವ ಹೊಟ್ಟೆಗೂ ನಡುವೆ ಕವಾಟವಿದೆ; ತನ್ನ ಹಸಿವಿಗೆ ಬೇಕಾದಷ್ಟನ್ನೇ ನೊಣ ಆಚೆ ಬಿಟ್ಟುಕೊಳ್ಳುತ್ತದೆ. ತುಪ್ಪವನ್ನು ನೊಣದ ವಾಂತಿ ಎಂದು ನಗುವವರಿಗೆ ನಾನು ಇದನ್ನೇ ಹೇಳುವುದು. ತಲೆಯ ಗ್ರಂಥಿಗಳಿಂದ ಇನ್ವರ್ಟೇಸ್ ಕಿಣ್ವ ಬೆರೆತು ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುವುದು ದಾರಿಯಲ್ಲೇ ಶುರುವಾಗಿರುತ್ತದೆ.

ಮುಂದಿನದನ್ನು ನೋಡಲೆಂದೇ ಒಂದು ಪೆಟ್ಟಿಗೆಗೆ ಗಾಜಿನ ಪಕ್ಕೆ ಹಾಕಿಸಿದ್ದೇನೆ. ಹೊರಗಿನಿಂದ ಬಂದ ನೊಣ ತಾನೇ ಮೇಣದ ಎರಿಯ ಕಣಕ್ಕೆ ಸುರಿಯುವುದು ಅಪರೂಪ. ದವಡೆ ಅಗಲಿಸಿ ನಾಲಿಗೆಯ ಬುಡದಲ್ಲಿ ಹನಿ ತರುತ್ತದೆ, ಒಳಗಿನ ನೊಣ ನಾಲಿಗೆ ಚಾಚಿ ಹೀರಿಕೊಳ್ಳುತ್ತದೆ. ಹನಿ ಪಡೆದ ನೊಣ ಗದ್ದಲವಿಲ್ಲದ ಮೂಲೆಗೆ ಸರಿದು ತಲೆ ಮೇಲೆ ಮಾಡಿ ನಿಲ್ಲುತ್ತದೆ. ನಾಲಿಗೆಯ ಮಡಿಕೆಯಲ್ಲಿ ಹನಿ ಹಿಗ್ಗುತ್ತದೆ, ಒಳಗೆ ಸರಿಯುತ್ತದೆ, ಮತ್ತೆ ಹೊರಬರುತ್ತದೆ. ಸುಮಾರು 20 ನಿಮಿಷ ಇದೇ ಕೆಲಸ. ಗೂಡಿನ ಬಿಸಿಗೆ ನೀರು ಆರುವುದು ಹೀಗೆ. ಹಸಿ ಮಕರಂದ ಹೆಚ್ಚಾದರೆ ಈ ಮಧ್ಯದ ಕೆಲಸ ಬಿಟ್ಟು ನೇರ ಕಣಗಳಲ್ಲಿ ಸಣ್ಣ ಹನಿಗಳಾಗಿ ತೂಗುಹಾಕುವುದೂ ಉಂಟು.

ತೆಳುವಾಗಿ ಹರಡಿದ ಮಕರಂದಕ್ಕೆ ಮಾಗಿದ ತುಪ್ಪಕ್ಕಿಂತ ಬಹಳ ಹೆಚ್ಚು ಜಾಗ ಬೇಕು. ಆದ್ದರಿಂದ ಹೂವಿನ ಕಾಲದಲ್ಲಿ ಕಟ್ಟಿ ಮುಗಿದ ಖಾಲಿ ಎರಿಗಳನ್ನು ಮೊದಲೇ ಮೇಲಿನ ಕೋಣೆಗೆ ಕೊಡುತ್ತೇನೆ. ಎರಿ ಕಟ್ಟುವ ಹೊರೆಯೂ ತಪ್ಪುತ್ತದೆ.

ರಾತ್ರಿ ಬಾಗಿಲ ಬಳಿ ಕಿವಿಯಿಟ್ಟರೆ ರೆಕ್ಕೆ ಬೀಸುವ ಮೊರೆತ ಕೇಳುತ್ತದೆ. ಒಳಗಿನ ಗಾಳಿ ತೇವ ಹೊತ್ತು ಹೊರಬರುತ್ತಿರುತ್ತದೆ. ನೀರಿನಂಶ ಶೇ. 20ಕ್ಕಿಂತ ಕೆಳಗಿಳಿಯುವ ಹೊತ್ತಿಗೆ ಸಾಮಾನ್ಯವಾಗಿ ಮೇಣದ ಮುಚ್ಚಳ ಬೀಳುತ್ತದೆ. ಮುಚ್ಚಳವಿಲ್ಲದ ಎರಿಯ ಚೌಕಟ್ಟನ್ನು ಅಡ್ಡ ಹಿಡಿದು ಒಮ್ಮೆ ಝಾಡಿಸುತ್ತೇನೆ. ಹನಿ ಸಿಡಿದರೆ ಅದಿನ್ನೂ ಹಸಿ, ತೆಗೆದಿಟ್ಟರೆ ಹುಳಿ ಬರುತ್ತದೆ. ಅಂಥದ್ದು ಮರಳಿ ಪೆಟ್ಟಿಗೆಗೇ. ಸಿಡಿಯದಿದ್ದರೂ ನೀರಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ ಒಂದು ಹನಿ ಇಟ್ಟು ನೋಡಿಯೇ ಹಿಂಡುವುದು.