ನಿಂತ ಎಸ್ಕಲೇಟರೂ ನನ್ನ ನಾಲ್ಕು ಸಾಲಿನ ಮಿದುಳೂ

ಮೆಟ್ರೋ ನಿಲ್ದಾಣವೊಂದರಲ್ಲಿ ಎಸ್ಕಲೇಟರ್ ಕೆಟ್ಟು ನಿಂತಿತ್ತು. ನಿಂತಿದೆ ಅಂತ ಕಣ್ಣಾರೆ ಕಂಡೇ ಕಾಲಿಟ್ಟೆ. ಆದರೂ ಮೈ ಮುಂದಕ್ಕೆ ವಾಲಿತು, ಕೈ ತಾನಾಗಿ ಕಂಬಿ ಹಿಡಿಯಿತು. 'ನಿಧಾನ ಸಾರ್' ಅಂದರು ಹಿಂದಿದ್ದವರು. ಮಿದುಳು ಲೋಕವನ್ನು ಮೊದಲೇ ಊಹಿಸುತ್ತೆ, ಕಣ್ಣು ಕಿವಿಗಳು ಆ ಊಹೆಯನ್ನು ತಿದ್ದುತ್ತವೆ ಅನ್ನುವುದನ್ನು ಆರು ತಿಂಗಳಿಂದ ಓದುತ್ತಿದ್ದೆ. ತಲೆಗೆ ಹತ್ತಿದ್ದು ಮಾತ್ರ ಆವತ್ತು ಮುಗ್ಗರಿಸಿದಾಗ.

ಈ ಊಹೆ-ತಿದ್ದುಪಡಿಯನ್ನೇ ಗಣಿತದಲ್ಲಿ ಹೇಳುವ, ನರವಿಜ್ಞಾನಿ ಕಾರ್ಲ್ ಫ್ರಿಸ್ಟನ್ ಅವರ 'ಮುಕ್ತ ಶಕ್ತಿ' ಸಮೀಕರಣಗಳ ಜೊತೆ ಎರಡು ವಾರ ಗುದ್ದಾಡಿ ಕೈಬಿಟ್ಟಿದ್ದೆ. 1999ರಲ್ಲಿ ರಾಜೇಶ್ ರಾವ್ ಮತ್ತು ಡಾನಾ ಬಲ್ಲಾರ್ಡ್ ಅನ್ನುವ ವಿಜ್ಞಾನಿಗಳು ದೃಷ್ಟಿಯ ಬಗ್ಗೆ ಕೊಟ್ಟ ಮಾದರಿ ಸುಲಭವಾಗಿ ಕೈಗೆ ಸಿಕ್ಕಿತು: ಮಿದುಳಿನ ಮೇಲಿನ ಪದರದಿಂದ ಊಹೆ ಇಳಿಯುತ್ತೆ, ಕೆಳಗಿಂದ ಮೇಲಕ್ಕೆ ಹೋಗೋದು ಊಹೆ ತಪ್ಪಿದಷ್ಟು ಮಾತ್ರ. ಸರಿ, ಬೆಂಗಳೂರಿನ ಬನಶಂಕರಿಯಿಂದ ಸಿಲ್ಕ್ ಬೋರ್ಡಿಗೆ ಬಸ್ಸು ಎಷ್ಟು ಹೊತ್ತು ತಗೊಳ್ಳುತ್ತೆ ಅಂತ ಊಹಿಸುವ ನಾಲ್ಕು ಸಾಲಿನ ಪೈಥಾನ್ ಪ್ರೋಗ್ರಾಮ್ ಬರೆದೆ. ಊಹೆ 40 ನಿಮಿಷ, ಆಗಿದ್ದು 56, ತಪ್ಪಿದ್ದು 16. ಅದನ್ನು 0.25ರಿಂದ ಗುಣಿಸಿ ಕೂಡಿಸಿದರೆ ನಾಳೆಯ ಊಹೆ 44.

ಎಲ್ಲ ಕಿತಾಪತಿಯೂ ಆ 0.25ರದ್ದೇ. 1 ಅಂತ ಇಟ್ಟರೆ ಒಂದು ದಿನದ ಮಳೆಗೇ ಊಹೆ ತಲೆಕೆಳಗು. 0.02 ಇಟ್ಟರೆ ದಸರಾ ರಜೆ ಮುಗಿದರೂ ಅದಕ್ಕೆ ಗೊತ್ತಾಗಲ್ಲ. ಈ ತೂಕವನ್ನು ಕಣ್ಣಳತೆಯಲ್ಲಿ ಹಾಕುವಂತಿಲ್ಲ. ಹಳೇ ಊಹೆ ಎಷ್ಟು ಗಟ್ಟಿ, ಹೊಸ ಸುದ್ದಿ ಎಷ್ಟು ಗಟ್ಟಿ ಅಂತ ತೂಗಿ ನೋಡಬೇಕು. ಏರುಪೇರು ಕಡಿಮೆ ಇದ್ದ ಕಡೆಗೆ ಹೆಚ್ಚು ಪಾಲು. ನಾನು ಒಂದು ತಿಂಗಳು ಒಂದೇ ಅಂಕಿ ಇಟ್ಟುಕೊಂಡು, ಪ್ರೋಗ್ರಾಮನ್ನು ಬೈಯುತ್ತಾ ಕೂತಿದ್ದೆ.

ಎಸ್ಕಲೇಟರಿನ ಗುಟ್ಟೂ ಅಲ್ಲೇ ಇತ್ತು. 2003ರಲ್ಲಿ ರೆನಾಲ್ಡ್ಸ್ ಮತ್ತು ಬ್ರಾನ್‌ಸ್ಟೈನ್ ಅನ್ನುವ ಸಂಶೋಧಕರು ಚಲಿಸುವ ಹಲಗೆ ಇಟ್ಟು ಇದನ್ನೇ ಪ್ರಯೋಗ ಮಾಡಿದ್ದರು. 'ಇನ್ನು ಇದು ಚಲಿಸಲ್ಲ' ಅಂತ ಗೊತ್ತಿದ್ದೂ ಜನ ಮುಂದಕ್ಕೆ ವಾಲಿದರು. ನನ್ನ ತಿಳಿವಳಿಕೆ ಒಂದು ಪದರದಲ್ಲಿ, ಕಾಲಿನ ಅಭ್ಯಾಸ ಇನ್ನೊಂದರಲ್ಲಿ. ಎರಡಕ್ಕೂ ಬೇರೆ ಬೇರೆ ತೂಕ. ಆಮೇಲೆ ಪ್ರೋಗ್ರಾಮಿಗೆ 'ಇವತ್ತು ಎಂಥ ದಿನ' ಅನ್ನುವ ಮೇಲ್ಪದರ ಸೇರಿಸಿದೆ. ಮಳೆಯ ದಿನಗಳಲ್ಲಿ ನನಗಿಂತ ಅದರ ಲೆಕ್ಕವೇ ವಾಸಿ.

ಇದನ್ನೆಲ್ಲ ಟೀ ಅಂಗಡಿ ಹತ್ತಿರ ಗೆಳೆಯನಿಗೆ ಹೇಳಿದೆ. 'ಹಂಗಾದ್ರೆ ನಿನ್ ಪ್ರೋಗ್ರಾಮಿಗೆ ಪ್ರಜ್ಞೆ ಬಂತೇನೋ?' ಅಂದ. ಊಹೆ ತಪ್ಪಿದಾಗಲೇ ನಾವು ಎಚ್ಚೆತ್ತುಕೊಳ್ಳೋದು ನಿಜ; ಸರಿಯಾಗಿ ನಡೆಯುತ್ತಿದ್ದ ಎಸ್ಕಲೇಟರನ್ನು ನಾನು ಗಮನಿಸಿದ್ದೇ ಇಲ್ಲ. ಆದರೆ 16 ನಿಮಿಷ ತಡವಾದಾಗ ನನಗೆ ರೇಗುತ್ತೆ. ಪ್ರೋಗ್ರಾಮು ತಣ್ಣಗೆ 4 ಕೂಡಿಸುತ್ತೆ.

'ಅದೇ ವಾಸಿ ಬಿಡೋ' ಅಂದು ಗೆಳೆಯ ಟೀ ದುಡ್ಡು ಕೊಟ್ಟ.