ಕೊನೆಯ ಸಾಲಿನಲ್ಲಿ ಕುಳಿತು ಆರಿಸಿದ ಪರದೆ

ನಮ್ಮ ಮಲೆನಾಡಿನ ಊರಿನಲ್ಲಿ ತಿಂಗಳಿಗೊಮ್ಮೆ ಸಿನಿಮಾ ತೋರಿಸುವ ಸಭಾಂಗಣ 40 ಅಡಿ ಉದ್ದ, 24 ಅಡಿ ಅಗಲ, 11 ಅಡಿ ಎತ್ತರದ್ದು. ಸುಮಾರು ಅರವತ್ತು ಮಂದಿ ಸೇರುತ್ತಾರೆ. ಮಕ್ಕಳು ಮುಂದೆ ಜಮಖಾನದ ಮೇಲೆ, ದೊಡ್ಡವರು ಹಿಂದೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ. ಪರದೆ ಆರಿಸುವ ಹೊಣೆ ನನ್ನದಾಗಿತ್ತು, ಮೊದಲ ಸಲ ನಾನು ತಪ್ಪಿದೆ.

ನಮ್ಮದು 2,500 ಲ್ಯೂಮೆನ್ (ಹೊರಸೂಸುವ ಬೆಳಕಿನ ಅಳತೆ) ಎಂದು ಬರೆದಿದ್ದ ಹಳೆಯ ಪ್ರೊಜೆಕ್ಟರ್. ದೀಪ ಹಳತಾಗಿ ಬೆಳಕು ಕುಗ್ಗಿದ್ದುದರಿಂದ, ಅಂಗಡಿಯವರ ಮಾತಿನಂತೆ 2.4 ಗೇನ್‌ನ ಹೊಳಪು ಪರದೆಯನ್ನು, ಮೂಲೆಯಿಂದ ಮೂಲೆಗೆ 120 ಇಂಚಿನದನ್ನು, ತಂದೆ. ಗೇನ್ ಎಂದರೆ ಹೊಸ ಬೆಳಕಲ್ಲ, ಬದಿಗಳಿಗೆ ಹೋಗಬೇಕಾದ ಬೆಳಕನ್ನು ನಡುವಿಗೆ ತಿರುಗಿಸುವುದಷ್ಟೇ ಎಂಬುದು ಆಗ ನನಗೆ ಹೊಳೆಯಲಿಲ್ಲ. ನಡುವೆ ಕುಳಿತ ನನಗೆ ಚಿತ್ರ ಬೆಳ್ಳಗೆ ಮಿನುಗುತ್ತಿತ್ತು, ಗೋಡೆಯ ಪಕ್ಕದ ಕುರ್ಚಿಗಳಲ್ಲಿದ್ದವರು ಮಾತ್ರ ರಾತ್ರಿಯ ದೃಶ್ಯ ಬಂದಾಗಲೆಲ್ಲ "ಕರೆಂಟು ಕಡಿಮೆಯಾಯಿತೇ?" ಎಂದು ಕೇಳುತ್ತಿದ್ದರು. ಅಗಲವಾದ ಕೋಣೆಗೆ, ಬದಿಗಳಲ್ಲೂ ಜನ ಕೂರುವಲ್ಲಿಗೆ, ಬೆಳಕನ್ನು ಎಲ್ಲ ಕಡೆಗೂ ಸಮನಾಗಿ ಹರಡುವ 1.0 ಗೇನ್‌ನ ಮ್ಯಾಟ್ (ಹೊಳಪಿಲ್ಲದ) ಬಿಳಿ ಪರದೆಯೇ ಸರಿ.

ಎರಡನೆಯ ಸಲ ಅಂಗಡಿಗೆ ಹೋಗುವ ಮೊದಲು ಗೋಡೆಗೆ ಬಿಳಿ ಬೆಡ್‌ಶೀಟ್‌ಗಳನ್ನು ಹೊಲಿಸಿ ಕಟ್ಟಿ, ಚಿತ್ರವನ್ನು ಮೂರು ಅಳತೆಗಳಲ್ಲಿ ಬಿಟ್ಟು, ಕೊನೆಯ ಸಾಲಿನಲ್ಲಿ ಕುಳಿತು ಅಡಿಬರಹ ಓದಿದೆ. ಕೊನೆಯ ವೀಕ್ಷಕ ಚಿತ್ರದ ಎತ್ತರದ ಆರು ಪಟ್ಟಿಗಿಂತ ದೂರವಿರಬಾರದು ಎಂಬ ರೂಢಿಯ ಲೆಕ್ಕವಿದೆ. 120 ಇಂಚಿನ 16:9 ಪರದೆಯ (ಅಗಲ 16 ಪಾಲಾದರೆ ಎತ್ತರ 9 ಪಾಲು) ಎತ್ತರ ಐದು ಅಡಿಗೂ ತುಸು ಕಡಿಮೆ, ನಮ್ಮ ಕೊನೆಯ ಸಾಲು 34 ಅಡಿ ದೂರ. ಅಂದರೆ ಏಳು ಪಟ್ಟು. ಆದರೆ ಕನ್ನಡಕ್ಕೆ ಆರು ಪಟ್ಟೂ ಹೆಚ್ಚೇ ಎಂಬುದು ನನ್ನ ಅನುಭವ. ಇಂಗ್ಲಿಷ್ ಸಾಲು ಸಲೀಸಾಗಿ ಓದಿಸಿಕೊಂಡ ದೂರದಿಂದ ‘ಸ್ವಾತಂತ್ರ್ಯ’ದ ಒತ್ತಕ್ಷರಗಳು ಕಲಸಿಹೋದವು, ‘ಪ’ಕ್ಕೂ ‘ಷ’ಕ್ಕೂ ವ್ಯತ್ಯಾಸವೇ ಉಳಿಯಲಿಲ್ಲ.

ಹಾಗೆಂದು ಪರದೆಯನ್ನು ಬೇಕಾದಷ್ಟು ಹಿಗ್ಗಿಸಲು ಚಾವಣಿ ಬಿಡಬೇಕಲ್ಲ. ಮುಂದಿನವರ ತಲೆಗಳು ಅಡಿಬರಹವನ್ನು ಮುಚ್ಚದಿರಲು ಚಿತ್ರದ ಕೆಳ ಅಂಚು ನೆಲದಿಂದ ನಾಲ್ಕು ಅಡಿಯಾದರೂ ಮೇಲಿರಬೇಕು. ಚೌಕಟ್ಟಿಗೆ ಸ್ವಲ್ಪ ಜಾಗ ಕಳೆದರೆ ಉಳಿಯುವುದು ಆರು ಅಡಿ ಚಿಲ್ಲರೆ. ಅದಕ್ಕೆ ಹೊಂದಿದ್ದು 150 ಇಂಚಿನ ಪರದೆ, ಸುಮಾರು 11 ಅಡಿ ಅಗಲ, 6 ಅಡಿ ಎತ್ತರ. ಉಳಿದ ಕೊರತೆಯನ್ನು ಕುರ್ಚಿಗಳೇ ತುಂಬಿದವು: ಸಾಲುಗಳನ್ನು ಒತ್ತಾಗಿಸಿ, ಒಂದರ ಸಂದಿಗೆ ಇನ್ನೊಂದು ಬರುವಂತೆ ಇಟ್ಟು, ಕೊನೆಯ ಸಾಲನ್ನು 28 ಅಡಿಗೆ ತಂದೆವು.

ಬೆಳಕು ಸಾಕಾಗುವುದೇ ಎಂಬ ಅಂಜಿಕೆಯಿತ್ತು. ಹಳೆಯ ದೀಪ ಅರ್ಧವೇ, 1,250 ಲ್ಯೂಮೆನ್ ಕೊಡುತ್ತದೆಂದು ಹಿಡಿದು ಪರದೆಯ 67 ಚದರಡಿಯಿಂದ ಭಾಗಿಸಿದರೆ 18 ಫುಟ್-ಲ್ಯಾಂಬರ್ಟ್ (ಪರದೆಯ ಹೊಳಪಿನ ಅಳತೆ) ದಾಟುತ್ತದೆ; ಕತ್ತಲಾದ ಚಿತ್ರಮಂದಿರಕ್ಕೆ 14ರಿಂದ 16 ಸಾಕೆನ್ನುತ್ತಾರೆ. ದೀಪ ಹಚ್ಚಿಕೊಂಡು ಉಪನ್ಯಾಸ ಮಾಡುವ ಕೋಣೆಯಾಗಿದ್ದರೆ ಈ ಲೆಕ್ಕ ನಿಲ್ಲುತ್ತಿರಲಿಲ್ಲ. ನಾವು ಗವಾಕ್ಷಿಗಳಿಗೆ ಕಪ್ಪು ಬಟ್ಟೆ ಬಿಗಿದೆವು.

ಸುರುಳಿ ಪರದೆಯನ್ನು ಬೇಡವೆಂದದ್ದಕ್ಕೆ ಕಾರಣ ಫ್ಯಾನು ಮತ್ತು ಮಳೆ. ಹಳೆಯದು ಫ್ಯಾನಿನ ಗಾಳಿಗೆ ಅಲೆಯಾಡಿ ನಟರ ಮುಖಗಳನ್ನು ಸೊಟ್ಟಗೆ ಮಾಡುತ್ತಿತ್ತು. ಜುಲೈನಲ್ಲಿ ತೇವವಿದ್ದಂತೆಯೇ ಸುತ್ತಿಟ್ಟು ಸೆಪ್ಟೆಂಬರಿನಲ್ಲಿ ಬಿಚ್ಚಿದರೆ ನಡುವೆ ಅಂಗೈಯಗಲದ ಬೂಷ್ಟು. ಈಗಿನದು ಚೌಕಟ್ಟಿಗೆ ಬಿಗಿದ ಪಿವಿಸಿ ಪರದೆ, ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಇನ್ನೂ ಅಗಲವಾದ ಸಿನಿಮಾಸ್ಕೋಪ್ ಚಿತ್ರಗಳಲ್ಲಿ ಮಾತ್ರ ಚಿತ್ರದ ಎತ್ತರ ನಾಲ್ಕೂವರೆ ಅಡಿಗೆ ಇಳಿಯುತ್ತದೆ; ಆಗ ಅಡಿಬರಹವನ್ನು ಕೆಳಗಿನ ಕಪ್ಪು ಪಟ್ಟಿಗೆ ಸರಿಸಿ, ಅಕ್ಷರದ ಗಾತ್ರವನ್ನು ಒಂದು ಮೆಟ್ಟಿಲು ಏರಿಸುತ್ತೇನೆ.