ಹಳೆ ಕೇಸಿದ್ದವರು ಪುಣೆಯಲ್ಲಿ ಕೆಲಸ ಹುಡುಕುವುದು: ನಾನು ಮಾಡಿದ ಕ್ರಮ

ಅರ್ಜಿ ಹಾಕುವ ಮೊದಲು ನಾನು ಕೈಗೆ ತಂದುಕೊಂಡದ್ದು ಕೋರ್ಟಿನ ಆದೇಶ. ಕಾರ್ಖಾನೆಗಳಿರುವ ಭೋಸರಿ, ಚಾಕಣ ಕಡೆಯ ಕಂತ್ರಾಟುದಾರರ ಹತ್ತಿರ ನಮ್ಮ ಕಡೆಯ ಹುಡುಗರು ಬರಿಗೈಯಲ್ಲಿ ಹೋಗಿ, "ಕೇಸ್ ಏನಾಯ್ತಪ್ಪ?" ಅಂದರೆ "ಮುಗೀತು ಸಾಹೇಬ್ರ" ಅನ್ನುತ್ತಾರೆ. ಹೇಗೆ ಮುಗೀತು ಅನ್ನುವುದೇ ಮುಖ್ಯ.

ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಪ್ರತಿ ಕೇಸಿಗೂ ಇರುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಹಾಕಿದರೆ ಕೇಸಿನ ಸ್ಥಿತಿ ಕಾಣುತ್ತದೆ. ಅದು ಗೊತ್ತಿಲ್ಲದಿದ್ದರೆ ಠಾಣೆ, ಎಫ್‌ಐಆರ್ ನಂಬರ್, ವರ್ಷ ಕೊಟ್ಟು ಹುಡುಕಬಹುದು. ಪುಣೆಯ ಮ್ಯಾಜಿಸ್ಟ್ರೇಟ್ ಕೋರ್ಟಿನ ಕೇಸಾದರೆ ಕೇಸಿನ ಸಂಖ್ಯೆಯ ಜೊತೆ ಸಾಮಾನ್ಯವಾಗಿ ಆರ್‌ಸಿಸಿ (ರೆಗ್ಯುಲರ್ ಕ್ರಿಮಿನಲ್ ಕೇಸ್) ಅಥವಾ ಎಸ್‌ಸಿಸಿ (ಸಮ್ಮರಿ ಕ್ರಿಮಿನಲ್ ಕೇಸ್) ಅಂತಿರುತ್ತದೆ. ಮುಂಬೈಯದಾದರೆ ಸಂಖ್ಯೆಯ ನಡುವೆ ಪಿಡಬ್ಲ್ಯೂ, ಎಸ್‌ಎಸ್ ಅಂತ. ಸ್ಥಿತಿ "ಡಿಸ್ಪೋಸ್ಡ್" (ಇತ್ಯರ್ಥವಾಗಿದೆ) ಅಂತ ಕಂಡರೆ ಅಷ್ಟಕ್ಕೇ ಸಮಾಧಾನ ಪಡಬೇಡಿ. ಶಿಕ್ಷೆಯಾದ ಕೇಸೂ ಡಿಸ್ಪೋಸ್ಡೇ.

ಆಮೇಲೆ ಅದೇ ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಕೊಟ್ಟು ಸರ್ಟಿಫೈಡ್ ಕಾಪಿ ತೆಗೆಸಬೇಕು. ಪುಣೆಯಲ್ಲಾದರೆ ಶಿವಾಜಿನಗರ ಕೋರ್ಟು. ಎರಡು ಪ್ರತಿ ತೆಗೆಸಿ, ಯಾಕೆಂದು ಮುಂದೆ ಹೇಳುತ್ತೇನೆ. ಓದಬೇಕಾದ್ದು ಕೊನೆಯ ಪುಟ. ಹಳೆಯ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಪ್ರಕಾರ ನಡೆದ ಕೇಸಿನಲ್ಲಿ ಸೆಕ್ಷನ್ 248(1) ಅಥವಾ 255(1) ಅಂತಿದ್ದರೆ ಖುಲಾಸೆ, ಅಂದರೆ ನಿರ್ದೋಷಿ. ಅದೇ ಸೆಕ್ಷನ್‌ಗಳ (2) ಅಂತಿದ್ದರೆ ಶಿಕ್ಷೆ. 239 ಅಂದರೆ ವಿಚಾರಣೆಗೆ ಮೊದಲೇ ಬಿಡುಗಡೆ. 320(8) ಅಂದರೆ ರಾಜಿಯಾದದ್ದು, ಕಾನೂನಿನ ಕಣ್ಣಿಗೆ ಅದೂ ಖುಲಾಸೆಯೇ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಿಎನ್‌ಎಸ್‌ಎಸ್ ಎಂಬ ಹೊಸ ಕಾನೂನು ಬಂದು ಸಂಖ್ಯೆಗಳು ಬದಲಾಗಿವೆ. ಹೊಸ ಕೇಸಾದರೆ ವಕೀಲರಿಗೆ ತೋರಿಸಿ ಖಚಿತ ಮಾಡಿಕೊಳ್ಳಿ.

ಜನ ಹೆಚ್ಚು ಎಡವುವುದು ಸಿಆರ್‌ಪಿಸಿಯ 252ನೇ ಸೆಕ್ಷನ್‌ನಲ್ಲಿ, ಅಂದರೆ ತಪ್ಪೊಪ್ಪಿಗೆಯಲ್ಲಿ. ಇಸ್ಪೀಟು, ಕುಡಿದು ಗಲಾಟೆ, ರಸ್ತೆಯಲ್ಲಿ ಜಗಳ ಮುಂತಾದ ಸಣ್ಣ ಕೇಸಿನಲ್ಲಿ "ಒಪ್ಪಿಕೋ, ದಂಡ ಕಟ್ಟು, ಸಂಜೆಗೆ ಮನೆ" ಅಂತ ಯಾರೋ ಹೇಳುತ್ತಾರೆ. ತಪ್ಪೊಪ್ಪಿ ದಂಡ ಕಟ್ಟಿದರೆ ದೋಷಿ ಅಂತ ದಾಖಲಾಗುತ್ತದೆ. ಮೊತ್ತ ಮುನ್ನೂರೇ ಆಗಿರಲಿ, ಫಾರ್ಮಿನಲ್ಲಿ "ಶಿಕ್ಷೆಯಾಗಿದೆಯೇ?" ಅಂತ ಕೇಳಿದರೆ ಉತ್ತರ ಹೌದು. ಚಾಪ್ಟರ್ ಕೇಸಿನ ಲೆಕ್ಕ ಬೇರೆ. ಅದು ಶಾಂತಿ ಕಾಯುತ್ತೇನೆಂದು ಬಾಂಡ್ ಬರೆಸಿಕೊಳ್ಳುವ ಕ್ರಮ, ಶಿಕ್ಷೆಯಲ್ಲ. ತಡೀಪಾರೂ (ಗಡಿಪಾರು) ಶಿಕ್ಷೆಯಲ್ಲ, ಆದರೆ ಠಾಣೆಯ ದಾಖಲೆಯಲ್ಲಿ ಎರಡೂ ಇರುತ್ತವೆ.

ಜೈಲಿಗೆ ಕಳಿಸದೆ ಎಚ್ಚರಿಕೆ ಕೊಟ್ಟು ಅಥವಾ ಸನ್ನಡತೆಯ ಬಾಂಡ್ ಮೇಲೆ ಬಿಡುವ 1958ರ ಪ್ರೊಬೇಷನ್ ಕಾಯ್ದೆಯ 3 ಅಥವಾ 4ನೇ ಸೆಕ್ಷನ್‌ನಡಿ ಬಿಟ್ಟಿದ್ದರೆ, 12ನೇ ಸೆಕ್ಷನ್ ಪ್ರಕಾರ ಶಿಕ್ಷೆಯಿಂದ ಬರುವ ಅನರ್ಹತೆ ತಗಲುವುದಿಲ್ಲ. ಹಾಗಂತ ದೋಷಿ ಎಂಬ ತೀರ್ಪು ಅಳಿಸಿಹೋಗುವುದಿಲ್ಲ. ಹದಿನೆಂಟರೊಳಗೆ ಬಾಲನ್ಯಾಯ ಮಂಡಳಿಯಲ್ಲಿ ಮುಗಿದ ಪ್ರಕರಣಕ್ಕೆ 2015ರ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್‌ನ ರಕ್ಷಣೆ ಇದೆ, ಅದರಿಂದ ಅನರ್ಹತೆ ತಗಲುವುದಿಲ್ಲ. ದೊಡ್ಡವರ ಶಿಕ್ಷೆಯ ದಾಖಲೆ ಇಷ್ಟು ವರ್ಷಕ್ಕೆ ತಾನಾಗಿ ಅಳಿಯುತ್ತದೆ ಅನ್ನುವ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. "ಏಳು ವರ್ಷ ಆಯ್ತಲ್ಲ, ಬಿಡು" ಅನ್ನುವವರ ಮಾತು ನಂಬಬೇಡಿ.

ಇನ್ನು ಆ ಎರಡನೇ ಪ್ರತಿ. ಕೋರ್ಟಿನಲ್ಲಿ ಖುಲಾಸೆಯಾದ ಸುದ್ದಿ ಠಾಣೆಯ ದಾಖಲೆಗೆ ತಕ್ಷಣ ಏರುತ್ತದೆ ಅಂತ ಹೇಳಲಾಗದು. ಕಾಪಿಯ ಜೊತೆ ಒಂದು ಪುಟದ ಅರ್ಜಿ ಬರೆದು, ಎಫ್‌ಐಆರ್ ದಾಖಲಾದ ಠಾಣೆಗೆ ಕೊಟ್ಟು, ನಿಮ್ಮ ಝೆರಾಕ್ಸ್ ಮೇಲೆ ಸಿಕ್ಕಾ, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಕೆಲಸಕ್ಕೆ ಕೇಳುವ ಪೊಲೀಸ್ ಪರಿಶೀಲನಾ ಸರ್ಟಿಫಿಕೇಟಿಗೆ ಅರ್ಜಿ ಹಾಕುವುದು ಇದಾದ ಮೇಲೆ. ಹಿಂದುಮುಂದಾದರೆ "ಕೇಸ್ ಬಾಕಿ ಇದೆ" ಅಂತಲೇ ವರದಿ ಬರುವ ಸಂಭವ ಹೆಚ್ಚು. ಮನೆ ಯಾವ ಕಮಿಷನರೇಟಿಗೆ ಸೇರುತ್ತದೆ ಅನ್ನುವುದನ್ನೂ ನೋಡಿಕೊಳ್ಳಿ: ಭೋಸರಿ, ಹಿಂಜವಡಿ, ಚಾಕಣ 2018ರಿಂದ ಪಿಂಪ್ರಿ-ಚಿಂಚವಡದ್ದು, ಕೋಥರೂಡ, ಹಡಪಸರ ಪುಣೆ ಶಹರದ್ದು. ಆಧಾರ್‌ನಲ್ಲಿ ವಿಜಯಪುರದ ಅಥವಾ ಕಲಬುರಗಿಯ ವಿಳಾಸವಿದ್ದರೆ ಊರಿನ ಠಾಣೆಯಿಂದಲೂ ಕೇಳಬಹುದು. ಕರ್ನಾಟಕದ್ದಕ್ಕೆ ಸೇವಾಸಿಂಧು ಇದೆ.

ಫಾರ್ಮ್ ತುಂಬುವಾಗ ಪ್ರಶ್ನೆಯನ್ನು ಅಕ್ಷರಕ್ಷರ ಓದಿ. ಬಂಧನವಾಗಿತ್ತೇ, ಕೇಸ್ ನಡೆದಿತ್ತೇ, ಬಾಕಿ ಇದೆಯೇ, ಶಿಕ್ಷೆಯಾಗಿದೆಯೇ ಅನ್ನುವುದು ನಾಲ್ಕು ಬೇರೆ ಪ್ರಶ್ನೆ. ಖುಲಾಸೆಯಾದವರು ಕೊನೆಯದಕ್ಕೆ "ಇಲ್ಲ" ಅಂದರೆ ಅದು ನಿಜ. ಎರಡನೆಯದಕ್ಕೆ, ಬಂಧನವೂ ಆಗಿದ್ದರೆ ಮೊದಲನೆಯದಕ್ಕೂ, "ಇಲ್ಲ" ಅಂದರೆ ಸುಳ್ಳು. ಸರ್ಕಾರಿ ನೌಕರಿಯಲ್ಲಿ ಈ ಸುಳ್ಳೇ ಕೆಲಸ ಕಳೆಯುವುದು. ಸುಪ್ರೀಂ ಕೋರ್ಟಿನ 2016ರ ಅವತಾರ್ ಸಿಂಗ್ ತೀರ್ಪಿನ ಪ್ರಕಾರ, ಫಾರ್ಮಿನಲ್ಲಿ ಸ್ಪಷ್ಟವಾಗಿ ಕೇಳಿದ್ದನ್ನು ಮುಚ್ಚಿಡಬಾರದು. ಕೇಸು ಸಣ್ಣದಾಗಿದ್ದರೆ ಮನ್ನಿಸುವ ಅಧಿಕಾರ ನೌಕರಿ ಕೊಡುವವರಿಗಿದೆ. ನಿಜ ಹೇಳಿದ ಮಾತ್ರಕ್ಕೆ ಕೆಲಸ ಕೊಡಲೇಬೇಕೆಂದೂ ಇಲ್ಲ. ನಾನು ಜಾಗ ಸಾಲದ ಕಡೆ "ಹೌದು, ಆದೇಶ ಲಗತ್ತಿಸಿದೆ" ಅಂತ ಬರೆದು ಪ್ರತಿ ಪಿನ್ ಮಾಡುತ್ತೇನೆ.

ಖಾಸಗಿ ಕೆಲಸಕ್ಕೆ ಹೋದಾಗ ಮೊದಲ ಭೇಟಿಯಲ್ಲೇ ಕೇಸಿನ ಕಥೆ ಬಿಚ್ಚುವುದು ಬೇಡ. ಕೆಲಸ ಗೊತ್ತಿದೆ ಅಂತ ತೋರಿಸಿ, ಅವರು ಒಪ್ಪಿದ ಮೇಲೆ, ಪರಿಶೀಲನೆ ಶುರುವಾಗುವ ಮುಂಚೆ ಹೇಳಿ. ಉಡುಪಿ ಹೋಟೆಲಿನಲ್ಲಾದರೆ ಇಷ್ಟು ಸಾಕು: "ಶೆಟ್ರೇ, ನನ್ನ ಮೇಲೆ ಹೊಡೆದಾಟದ ಒಂದು ಕೇಸಿತ್ತು. ರಾಜಿಯಾಗಿ ಮುಗಿದಿದೆ, ಕೋರ್ಟಿನ ಕಾಗದ ಇಲ್ಲಿದೆ. ಬೇರೆ ಯಾವುದೂ ಇಲ್ಲ." ತಪ್ಪು ಯಾರದು, ಪೊಲೀಸರು ಏನು ಮಾಡಿದರು ಅಂತ ಶುರುಮಾಡಿದರೆ ಕೇಳುವವನಿಗೆ ಅನುಮಾನ ಹುಟ್ಟುತ್ತದೆ. ಜೈಲಿನ ವರ್ಷಗಳ ಖಾಲಿ ಜಾಗಕ್ಕೆ ಸುಳ್ಳು ಅನುಭವಪತ್ರ ಬೇಡ. ಪಿಎಫ್ ದಾಖಲೆಯಲ್ಲಿ ಸಿಕ್ಕಿಬೀಳುತ್ತದೆ. ಯರವಡಾದಂಥ ಜೈಲುಗಳಲ್ಲಿ ಮರಗೆಲಸ, ನೇಯ್ಗೆ ನಡೆಯುತ್ತದೆ. ಅಲ್ಲಿ ಕಲಿತ ಕೆಲಸಕ್ಕೆ ಅಧೀಕ್ಷಕರಿಂದ ಪತ್ರ ಕೇಳಿ ಪಡೆಯಬಹುದು.

ಎಲ್ಲಿ ಹೋಗಬಾರದು ಅನ್ನುವುದೂ ಗೊತ್ತಿರಲಿ. ಶಿಕ್ಷೆಯಾದವರನ್ನು ಸೆಕ್ಯುರಿಟಿ ಗಾರ್ಡ್ ಆಗಿ ಇಟ್ಟುಕೊಳ್ಳುವಂತಿಲ್ಲ, 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯ 10ನೇ ಸೆಕ್ಷನ್ ಅದು. ವಿಮಾನ ನಿಲ್ದಾಣದ ಪಾಸಿಗೆ, ಆಟೋ-ಟ್ಯಾಕ್ಸಿ ಬ್ಯಾಡ್ಜಿಗೆ ಪೊಲೀಸ್ ಪರಿಶೀಲನೆ ಇದೆ. ಲೇಥ್, ವೆಲ್ಡಿಂಗ್, ಫ್ಯಾಬ್ರಿಕೇಷನ್‌ನ ಸಣ್ಣ ವರ್ಕ್‌ಶಾಪ್, ಅಡುಗೆಮನೆ, ಸೆಂಟ್ರಿಂಗ್ ಕೆಲಸಗಳಲ್ಲಿ ಕೈಯ ಕಸುಬು ನೋಡುತ್ತಾರೆ. ಮುಂಬೈಯಲ್ಲಿ ಜೈಲಿನಿಂದ ಬಂದವರಿಗಾಗಿ ಟಿಸ್ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ) ನಡೆಸುವ ಪ್ರಯಾಸ್ ಯೋಜನೆ 1990ರಿಂದ ಕೆಲಸ ಮಾಡುತ್ತಿದೆ. ವಕೀಲರಿಗೆ ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ.

ಕೊನೆಗೆ ಹೆಸರಿನ ಗೊಂದಲ. ಕಂಪನಿಗಳ ಪರವಾಗಿ ಪರಿಶೀಲನೆ ಮಾಡುವ ಏಜೆನ್ಸಿಗಳು ಕೋರ್ಟಿನ ದಾಖಲೆಯಲ್ಲಿ ಹೆಸರು ಹಾಕಿ ಹುಡುಕುತ್ತವೆ. ರಾಠೋಡ, ಪವಾರ, ಚವ್ಹಾಣ ಅಡ್ಡಹೆಸರಿನವರಿಗೆ ಇನ್ನೊಬ್ಬನ ಕೇಸು ಅಂಟಿಕೊಳ್ಳುವುದು ಸುಲಭ. ವರದಿಯ ಪ್ರತಿ ಮತ್ತು ಅದರಲ್ಲಿನ ಸಿಎನ್‌ಆರ್ ಕೇಳಿ, ಆ ಕೇಸಿನ ತೀರ್ಪಿನ ಮೊದಲ ಪುಟ ತೆಗೆಯಿರಿ. ಆರೋಪಿಯ ವಯಸ್ಸು, ಉದ್ಯೋಗ, ವಿಳಾಸ ಅಲ್ಲಿರುತ್ತದೆ. ಪಕ್ಕದಲ್ಲಿ ನಿಮ್ಮ ಆಧಾರ್ ಇಟ್ಟು, ವ್ಯತ್ಯಾಸವನ್ನು ಸಾಲುಸಾಲಾಗಿ ಬರೆದು ಎಚ್‌ಆರ್‌ಗೆ ಮೇಲ್ ಮಾಡಿ. ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ.